ತೂಗುಕುರ್ಚಿ

ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ತೊಲೆಗೆ ಸರಪಳಿ ಹಾಕಿ ಇಳಿಬಿಟ್ಟ ತೂಗುಮಣೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮಧ್ಯಾಹ್ನದ ಊಟವಾದ ಮೇಲೆ ಮನೆಯ ಹಿರಿಯರು ಅದರ ಮೇಲೆ ಕುಳಿತು, ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲನೆ ಒತ್ತುತ್ತ, ಎಲೆಯಡಿಕೆ ಮೆಲ್ಲುತ್ತ ವಿಶ್ರಮಿಸಿಕೊಳ್ಳುತ್ತಿದ್ದರು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ತೂಗುಮಣೆಯ ಮೇಲೆ ಕುಳಿತ ಅಜ್ಜನಿಗೂ ಬೇಕಾದುದು ಒಂದೇ: ಏರುಪೇರಿಲ್ಲದ, ಹಿತವಾದ ತೂಗಾಟ. ಈ ತೂಗಾಟಕ್ಕೆ ತೊಲೆಯೂ ಬೇಡ, ಸರಪಳಿಯೂ ಬೇಡ, ಕಾಲ ಕೆಳಗಿನ ನೆಲವೇ ಸಾಕು ಎಂದು ತೋರಿಸಿಕೊಟ್ಟ ಆಸನವೇ ತೂಗುಕುರ್ಚಿ. ನಾಲ್ಕು ಕಾಲುಗಳ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಎರಡು ಮರದ ಪಟ್ಟಿಗಳನ್ನು ಜೋಡಿಸಿದರೆ ಸಾಮಾನ್ಯ ಕುರ್ಚಿಯು ತೂಗುಕುರ್ಚಿಯಾಗುತ್ತದೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ಮಾಡಲು ಹೊರಟವರಿಗೆ ಮಾತ್ರ ಅದು ಹಾಗಲ್ಲವೆಂಬುದು ಬೇಗ ತಿಳಿದುಬರುತ್ತದೆ.

ಸಾಮಾನ್ಯ ಕುರ್ಚಿಯ ದೋಷಗಳನ್ನು ಮುಚ್ಚಿಡಬಹುದು. ಒಂದು ಕಾಲು ಗಿಡ್ಡವಾಗಿದ್ದರೆ ಅದರಡಿಗೆ ಮಡಿಸಿದ ಕಾಗದವನ್ನು ತುರುಕಿದರಾಯಿತು. ತೂಗುಕುರ್ಚಿಯಲ್ಲಿ ಈ ಉಪಾಯ ನಡೆಯುವುದಿಲ್ಲ. ಎರಡು ಬಿಲ್ಲುಗಳ ಬಾಗಿನಲ್ಲಿ ಸ್ವಲ್ಪವೇ ವ್ಯತ್ಯಾಸವಿದ್ದರೂ ಕುರ್ಚಿಯು ತೂಗಿದಂತೆಲ್ಲ ಒಂದು ಪಕ್ಕಕ್ಕೆ ಜರುಗುತ್ತ ಹೋಗುತ್ತದೆ. ಭಾರ ಹಿಂದಕ್ಕೆ ಹೆಚ್ಚಾದರೆ ಕುಳಿತವನು ಮಾಡನ್ನು ನೋಡುತ್ತ ಕೂರಬೇಕಾಗುತ್ತದೆ. ಮುಂದಕ್ಕೆ ಹೆಚ್ಚಾದರೆ ಆಸನದಿಂದ ಜಾರುತ್ತಾನೆ. ಬೆಸುಗೆಗಳ ಪಾಡಂತೂ ಇನ್ನೂ ಕಷ್ಟ. ನಿಂತ ಕುರ್ಚಿಯ ಕೀಲುಗಳು ಭಾರವನ್ನು ಹೊತ್ತರೆ ಸಾಕು. ತೂಗುವ ಕುರ್ಚಿಯ ಕೀಲುಗಳು ದಿನವೂ ಸಾವಿರಾರು ಬಾರಿ ಅತ್ತಿತ್ತ ಎಳೆತಕ್ಕೆ ಒಳಗಾಗಬೇಕು. ಬಡಗಿಯ ಕೈ ಎಲ್ಲಿ ತಪ್ಪಿತೆಂಬುದನ್ನು ಈ ಕುರ್ಚಿಯು ತಾನಾಗಿಯೇ ಹೇಳಿಬಿಡುತ್ತದೆ.

ಕಾಲುಗಳಿಗೆ ಬಾಗಿದ ಪಟ್ಟಿಯನ್ನು ಜೋಡಿಸುವ ಉಪಾಯವು ಕುರ್ಚಿಗಿಂತ ಮೊದಲು ಯೂರೋಪಿನ ತೊಟ್ಟಿಲುಗಳಲ್ಲಿ ಬಳಕೆಯಲ್ಲಿತ್ತು. ಕುರ್ಚಿಗೆ ಅದನ್ನು ಅಳವಡಿಸುವುದು ಹದಿನೆಂಟನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಅಮೆರಿಕದಲ್ಲಂತೂ ಅದು ಮನೆಮನೆಯ ವಸ್ತುವಾಯಿತು. ಬೆಂಜಮಿನ್ ಫ್ರಾಂಕ್ಲಿನ್ನನೇ ಇದನ್ನು ಕಂಡುಹಿಡಿದನೆಂದು ಹೇಳುವವರಿದ್ದಾರೆ. ಆ ಮಾತಿಗೆ ಆಧಾರವಿಲ್ಲ. ಇಂತಹ ವಸ್ತುಗಳನ್ನು ಕಂಡುಹಿಡಿದವರ ಹೆಸರು ಸಾಮಾನ್ಯವಾಗಿ ಉಳಿಯುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬೆನ್ನುನೋವಿನಿಂದ ಬಳಲುತ್ತಿದ್ದ ಜಾನ್ ಕೆನಡಿಯವರಿಗೆ ವೈದ್ಯೆ ಜ್ಯಾನೆಟ್ ಟ್ರಾವೆಲ್ ಅವರು ತೂಗುಕುರ್ಚಿಯಲ್ಲಿ ಕುಳಿತುಕೊಳ್ಳುವಂತೆ ಸಲಹೆ ನೀಡಿದರು. ಕೆನಡಿಯವರು ಅಧ್ಯಕ್ಷರಾದ ಮೇಲೆ ಅವರೊಡನೆ ಆ ಕುರ್ಚಿಯೂ ಶ್ವೇತಭವನವನ್ನು ಸೇರಿತು. ಅಜ್ಜ ಅಜ್ಜಿಯರ ಆಸನವೆನಿಸಿಕೊಂಡಿದ್ದ ಅದಕ್ಕೆ ಹೊಸ ಗೌರವ ಬಂದುದು ಆಗ.

ತೂಗುಕುರ್ಚಿ ಏಕೆ ತೂಗುತ್ತದೆ? ಹಿಂದಕ್ಕೆ ಬಾಗಿದ ಅದು ಮಗುಚಿ ಬೀಳದೆ ಮತ್ತೆ ಮುಂದಕ್ಕೆ ಬರುವುದು ಹೇಗೆ? ತಂಜಾವೂರಿನ ಗೊಂಬೆಯನ್ನು ನೆನಪಿಗೆ ತಂದುಕೊಳ್ಳಿರಿ. ಎಷ್ಟು ಬಾಗಿಸಿದರೂ ಅದು ಮತ್ತೆ ನೆಟ್ಟಗೆ ನಿಲ್ಲುತ್ತದೆ. ಅದರ ತಳ ಗುಂಡಾಗಿದೆ, ಭಾರವೆಲ್ಲ ತಳದಲ್ಲಿದೆ. ತೂಗುಕುರ್ಚಿಯ ಬಿಲ್ಲೂ ಒಂದು ದೊಡ್ಡ ಚಕ್ರದ ತುಂಡು. ಅದರ ತ್ರಿಜ್ಯ 42 ಅಂಗುಲವೆಂದು ಇಟ್ಟುಕೊಳ್ಳೋಣ. ಆಗ ಆ ಕಾಣದ ಚಕ್ರದ ಕೇಂದ್ರವು ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿರುತ್ತದೆ. ಕುರ್ಚಿಯಲ್ಲಿ ಕುಳಿತ ಮನುಷ್ಯನ ಗುರುತ್ವಕೇಂದ್ರವು ಸುಮಾರಾಗಿ ಅವನ ಹೊಕ್ಕುಳ ಮಟ್ಟದಲ್ಲಿ, ಎಂದರೆ ನೆಲದಿಂದ ಎರಡು ಅಡಿಗಿಂತ ತುಸು ಮೇಲೆ ಇರುತ್ತದೆ. ಗುರುತ್ವಕೇಂದ್ರವು ಚಕ್ರದ ಕೇಂದ್ರಕ್ಕಿಂತ ಕೆಳಗಿರುವವರೆಗೆ, ಕುರ್ಚಿಯು ಬಾಗಿದಾಗಲೆಲ್ಲ ಅದು ಕೊಂಚ ಮೇಲೇರುತ್ತದೆ. ಮೇಲೇರಿದ್ದು ಕೆಳಗಿಳಿಯಲೇಬೇಕಾದುದರಿಂದ ಕುರ್ಚಿ ಹಿಂದಿರುಗುತ್ತದೆ. ತ್ರಿಜ್ಯವನ್ನು ತೀರ ಕಡಿಮೆ ಮಾಡಿದರೆ ಎರಡು ಕೇಂದ್ರಗಳೂ ಹತ್ತಿರವಾಗಿ ಕುರ್ಚಿಯು ಬಲು ನಿಧಾನವಾಗಿ, ಬೀಳುವ ಭಯ ಹುಟ್ಟಿಸುತ್ತ ತೂಗುತ್ತದೆ. ತೀರ ಹೆಚ್ಚು ಮಾಡಿದರೆ ಬಿಲ್ಲು ಚಪ್ಪಟೆಯಾಗಿ, ಮೊಟಕಾದ ಬಿರುಸಾದ ಅಲುಗಾಟ ಮಾತ್ರ ಉಳಿಯುತ್ತದೆ. ಇವೆರಡರ ನಡುವಿನ ಹದವನ್ನು ಹಿಡಿಯುವುದೇ ಕೆಲಸದ ಮರ್ಮ.

ಈ ಹದವನ್ನು ಹಿಡಿದವರಲ್ಲಿ ಬಹಳ ಹೆಸರಾದವರು ಅಮೆರಿಕದ ಸ್ಯಾಮ್ ಮಲೂಫ್. ಅವರು 1916ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಚೀನೋ ಎಂಬ ಊರಿನಲ್ಲಿ ಹುಟ್ಟಿದರು. ತಂದೆತಾಯಿಗಳು ಲೆಬನಾನಿನಿಂದ ವಲಸೆ ಬಂದವರು. ಮನೆಯ ತುಂಬ ಮಕ್ಕಳು. ಸ್ಯಾಮ್ ಬಾಲ್ಯದಲ್ಲಿಯೇ ಮರದಲ್ಲಿ ಆಟಿಕೆಗಳನ್ನು ಕೆತ್ತುತ್ತಿದ್ದರು. ತಾಯಿ ರೊಟ್ಟಿಯನ್ನು ಮಗುಚಲು ಬಳಸುತ್ತಿದ್ದ ಮರದ ಸಟ್ಟುಗವೂ ಅವರ ಕೈಯದೇ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ ಹಿಂದಿರುಗಿದ ಮೇಲೆ ಒಬ್ಬ ಕಲಾವಿದರ ಬಳಿ ಕೆಲಸಕ್ಕೆ ಸೇರಿದರು. 1948ರಲ್ಲಿ ಆಲ್ಫ್ರೀಡಾ ಎಂಬವರನ್ನು ಮದುವೆಯಾದರು. ಹೊಸ ಸಂಸಾರದ ಪುಟ್ಟ ಮನೆಯಲ್ಲಿ ಕುಳಿತುಕೊಳ್ಳಲು ಕುರ್ಚಿಗಳಿರಲಿಲ್ಲ. ಕೊಳ್ಳಲು ಹಣವೂ ಇರಲಿಲ್ಲ. ಇತರರು ಬಳಸಿ ಬಿಟ್ಟ ಪದರಹಲಗೆ, ಸಾಮಾನು ತುಂಬುವ ಓಕ್ ಪೆಟ್ಟಿಗೆಗಳ ಮರ, ಇವುಗಳಿಂದ ಸ್ಯಾಮ್ ತಮ್ಮ ಮನೆಗೆ ಬೇಕಾದ ಪೀಠೋಪಕರಣಗಳನ್ನು ತಾವೇ ಮಾಡಿಕೊಂಡರು. ಅವುಗಳ ಚಿತ್ರಗಳು 1951ರಲ್ಲಿ ಒಂದು ಗೃಹಪತ್ರಿಕೆಯಲ್ಲಿ ಪ್ರಕಟವಾದವು. ನೋಡಿದವರು ತಮಗೂ ಅಂಥವನ್ನು ಮಾಡಿಕೊಡುವಂತೆ ಕೇಳತೊಡಗಿದರು. ಸಂಬಳದ ಕೆಲಸವನ್ನು ಬಿಟ್ಟು, ಮರವನ್ನೇ ನಂಬಿ ಬದುಕಲು ದಂಪತಿಗಳು ನಿರ್ಧರಿಸಿದರು. ಆ ನಿರ್ಧಾರ ಸುಲಭದ್ದಾಗಿರಲಿಲ್ಲ. ಕೈಯಲ್ಲಿ ಉಳಿತಾಯವಿರಲಿಲ್ಲ, ಮಗುವೊಂದು ಬೆಳೆಯುತ್ತಿತ್ತು. ಲೆಕ್ಕಪತ್ರವನ್ನೂ ಗಿರಾಕಿಗಳ ವ್ಯವಹಾರವನ್ನೂ ಆಲ್ಫ್ರೀಡಾ ವಹಿಸಿಕೊಂಡರು. ಆಕೆ ಹಾಗೆ ಹೆಗಲು ಕೊಡದಿದ್ದರೆ ಈ ಕಥೆಯು ಮುಂದುವರಿಯುತ್ತಿತ್ತೆಂದು ನನಗೆ ತೋರುವುದಿಲ್ಲ.

1953ರಲ್ಲಿ ಅವರು ಆಲ್ಟಾ ಲೋಮಾ ಎಂಬಲ್ಲಿ ನಿಂಬೆಯ ತೋಟವೊಂದನ್ನು ಕೊಂಡು ಅಲ್ಲಿ ನೆಲೆಸಿದರು. ಮನೆಯೂ ಕಾರ್ಯಾಗಾರವೂ ಅಲ್ಲಿಯೇ ಬೆಳೆದವು. ಕೈಯಲ್ಲಿ ಹಣ ಬಂದಾಗ ಒಂದು ಕೋಣೆ, ಮತ್ತೆ ಹಣ ಬಂದಾಗ ಇನ್ನೊಂದು ಕೋಣೆ. ಬಾಗಿಲಿನ ಅಗುಳಿಗಳನ್ನು ಕೂಡ ಲೋಹದಲ್ಲಿ ಕೊಳ್ಳದೆ ಮರದಲ್ಲಿಯೇ ಕೆತ್ತಿದರು. ಸುರುಳಿ ಮೆಟ್ಟಿಲನ್ನೂ ಕೈಯಾರೆ ಮಾಡಿದರು. ಅವರ ಹೆಸರು ತೂಗುಕುರ್ಚಿಯೊಡನೆ ಬೆಸೆದುಕೊಂಡುದು ಈ ಕಾರ್ಯಾಗಾರದಲ್ಲಿ. ಆ ಕುರ್ಚಿಯನ್ನು ಕಟ್ಟುವ ಬಗೆಯನ್ನು ಈಗ ನೋಡೋಣ.

ಮೊದಲನೆಯದು ಮರದ ಆಯ್ಕೆ. ಮಲೂಫ್ ಅವರಿಗೆ ಬಹಳ ಪ್ರಿಯವಾದುದು ಅಮೆರಿಕದ ಕರಿ ಅಕ್ರೋಟು ಮರ. ಅದು ನಮ್ಮ ಬೀಟೆಯಷ್ಟು ಗಟ್ಟಿಯಲ್ಲ. ಆದರೆ ಉಳಿಗೆ ಒಗ್ಗುತ್ತದೆ, ಒಳ್ಳೆಯ ಬಣ್ಣವಿದೆ, ಎಳೆಗಳ ವಿನ್ಯಾಸ ಸೊಗಸು. ಮರ ಯಾವುದೇ ಆಗಲಿ, ಅದು ಚೆನ್ನಾಗಿ ಒಣಗಿರಬೇಕು. ಕಡಿದ ಹೊಸದರಲ್ಲಿ ಮರದ ತುಂಬ ನೀರಿರುತ್ತದೆ. ಗಾಳಿಯಲ್ಲಿ ಒಣಗಿಸುವುದಾದರೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಒಣಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಬಾಗಿಲುಗಳು ಚೌಕಟ್ಟಿಗೆ ಹಿಡಿದುಕೊಳ್ಳುತ್ತವೆ, ಬೇಸಿಗೆಯಲ್ಲಿ ತಾವೇ ಸಡಿಲವಾಗುತ್ತವೆ. ಗಾಳಿಯ ತೇವವನ್ನು ಹೀರಿದಾಗ ಮರವು ಅಡ್ಡಗಲಕ್ಕೆ ಹಿಗ್ಗುತ್ತದೆ, ತೇವವನ್ನು ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಮರೆತು ಅಗಲವಾದ ಹಲಗೆಯನ್ನು ನಾಲ್ಕೂ ಕಡೆಯಿಂದ ಬಿಗಿದು ಕಟ್ಟಿದರೆ, ಕೆಲವು ವರ್ಷಗಳಲ್ಲಿ ಹಲಗೆಯಾದರೂ ಸೀಳುತ್ತದೆ, ಬೆಸುಗೆಯಾದರೂ ಬಿಡುತ್ತದೆ.

ಕುರ್ಚಿಯ ಪೀಠವನ್ನು ಒಂದೇ ಹಲಗೆಯಿಂದ ಮಾಡುವುದಿಲ್ಲ. ಸುಮಾರು ಎರಡು ಅಂಗುಲ ದಪ್ಪದ ಕೆಲವು ಹಲಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅಂಟಿನಿಂದ ಕೂಡಿಸುತ್ತಾರೆ. ಹಾಗೆ ಕೂಡಿಸುವಾಗ ಪ್ರತಿ ಹಲಗೆಯ ಅಂಚನ್ನೂ ಒಂದಿಷ್ಟು ಓರೆಯಾಗಿ ಹತ್ತರಿ ಹೊಡೆದಿದ್ದರೆ, ಪೀಪಾಯಿಯ ಹಲಗೆಗಳಂತೆ ಅವು ಸೇರಿ ಪೀಠವು ತಾನಾಗಿಯೇ ತಗ್ಗಾದ ಬೋಗುಣಿಯ ಆಕಾರಕ್ಕೆ ಬರುತ್ತದೆ. ಮರವೂ ಉಳಿಯುತ್ತದೆ, ಕೆತ್ತುವ ಶ್ರಮವೂ ಕಡಿಮೆಯಾಗುತ್ತದೆ. ಆಮೇಲೆ ಪೀಠವನ್ನು ಕೆತ್ತಿ, ಅರದಿಂದ ಉಜ್ಜಿ, ಮನುಷ್ಯನ ತೊಡೆಗಳಿಗೆ ಒಪ್ಪುವಂತೆ ಹಳ್ಳವನ್ನು ತೆಗೆಯುತ್ತಾರೆ. ಮುಂದಿನ ಅಂಚನ್ನು ಇಳಿಜಾರಾಗಿ ದುಂಡಗೆ ಮಾಡದಿದ್ದರೆ ತೊಡೆಯ ಕೆಳಭಾಗ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮೆತ್ತೆಯಿಲ್ಲದ ಬರಿಯ ಮರದ ಮೇಲೆ ಗಂಟೆಗಟ್ಟಲೆ ಕುಳಿತರೂ ನೋವಾಗಬಾರದು. ಅದಕ್ಕಾಗಿಯೇ ಇಷ್ಟು ಶ್ರಮ.

ಕಾಲುಗಳನ್ನು ಪೀಠಕ್ಕೆ ಸೇರಿಸುವ ಕೀಲು ಮಲೂಫ್ ಅವರ ಕುರ್ಚಿಯ ಹೃದಯ. ಸಾಮಾನ್ಯವಾಗಿ ಕುರ್ಚಿಯ ಪೀಠಕ್ಕೆ ತೂತು ಕೊರೆದು, ಕಾಲಿನ ತುದಿಯನ್ನು ಸಣ್ಣಗೆ ಕೆತ್ತಿ ಅದರೊಳಗೆ ಬಿಗಿಯುತ್ತಾರೆ. ಮಲೂಫ್ ಬೇರೆಯ ದಾರಿಯನ್ನು ಹಿಡಿದರು. ಪೀಠದ ಅಂಚಿನಲ್ಲಿ, ಕಾಲು ಬರುವ ಜಾಗದಲ್ಲಿ, ಚೌಕವಾದ ಕಚ್ಚನ್ನು ತೆಗೆದರು. ಆ ಕಚ್ಚಿನ ಮೇಲಂಚಿನಲ್ಲಿಯೂ ಕೆಳಂಚಿನಲ್ಲಿಯೂ ಸಣ್ಣ ಮೆಟ್ಟಿಲನ್ನು ಇಳಿಸಿದರು. ಕಾಲಿನ ಮೈಮೇಲೆ ಇದಕ್ಕೆ ಸರಿಹೊಂದುವ ಕಾಲುವೆಗಳನ್ನು ಕೊರೆದರು. ಎರಡನ್ನೂ ಕೂಡಿಸಿದಾಗ ಅವು ಬೆರಳಿಗೆ ಬೆರಳು ಹೆಣೆದ ಕೈಗಳಂತೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕಾಲು ಮೇಲಕ್ಕೂ ಕೆಳಕ್ಕೂ ಪಕ್ಕಕ್ಕೂ ಅಲುಗದು. ಅಂಟು ಹತ್ತುವ ಮೈಯೂ ಹೆಚ್ಚಾಗುತ್ತದೆ. ಮೇಲೆ ಒಂದು ತಿರುಪುಮೊಳೆಯನ್ನು ಹಾಕಿ ಅದರ ತಲೆಯನ್ನು ಕರಿಮರದ ಪುಟ್ಟ ಬಿರಡೆಯಿಂದ ಮುಚ್ಚುತ್ತಾರೆ. ತೂಗಾಟದ ಎಳೆತವನ್ನೆಲ್ಲ ತಡೆಯುವುದು ಈ ಕೀಲು. ಇಷ್ಟಾದ ಮೇಲೆ ಕೀಲಿನ ಸುತ್ತಲಿನ ಮರವನ್ನು ಅರದಿಂದ ಸವೆಸುತ್ತ ಹೋದರೆ, ಪೀಠ ಎಲ್ಲಿ ಮುಗಿಯಿತು, ಕಾಲು ಎಲ್ಲಿ ತೊಡಗಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಬೆರಳಾಡಿಸಿದರೂ ತಿಳಿಯುವುದಿಲ್ಲ. ಮರದಿಂದ ಕೊಂಬೆ ಒಡೆದಂತೆ ಪೀಠದಿಂದ ಕಾಲು ಒಡೆದಿದೆಯೆಂದೇ ಅನ್ನಿಸುತ್ತದೆ.

ಕೈಯಾಸರೆಯ ತೋಳುಗಳನ್ನೂ ಹಿಂಗಾಲುಗಳನ್ನೂ ಮಲೂಫ್ ಅವರು ಪಟ್ಟಿಗರಗಸದಲ್ಲಿ ಸೀಳುತ್ತಿದ್ದರು. ದಪ್ಪ ತುಂಡನ್ನು ಎರಡು ಕೈಗಳಲ್ಲಿ ಹಿಡಿದು, ಓಡುವ ಗರಗಸದ ಮುಂದೆ ಗಾಳಿಯಲ್ಲಿಯೇ ತಿರುಗಿಸುತ್ತ, ಕಣ್ಣಳತೆಯಿಂದಲೇ ಅದಕ್ಕೆ ಬಾಗು ಬಳುಕುಗಳನ್ನು ತರುತ್ತಿದ್ದರು. ಇದು ಬಹಳ ಅಪಾಯಕರವಾದ ವಿಧಾನ. ಮರದ ಅಡಿಯಲ್ಲಿ ಆಸರೆಯಿಲ್ಲದಾಗ ಗರಗಸವು ತುಂಡನ್ನು ಸರಕ್ಕನೆ ಎಳೆದುಕೊಂಡು ಕೈಯನ್ನು ಕತ್ತರಿಸಬಲ್ಲುದು. ಹತ್ತಾರು ವರ್ಷ ಪಳಗಿದವರ ಕೈಚಳಕವನ್ನು ಹೊಸಬರು ಅನುಕರಿಸಲು ಹೋಗಬಾರದು. ಇದೇ ಬಾಗನ್ನು ಬಾಚಿ, ಉಳಿ, ಅರಗಳಿಂದಲೂ ತರಬಹುದು. ಸಮಯ ಮಾತ್ರ ಹೆಚ್ಚು ಬೇಕು.

ಬೆನ್ನಿಗೆ ಆಸರೆಯಾಗಿ ಸಾಮಾನ್ಯವಾಗಿ ಏಳು ತೆಳುವಾದ ಕಡ್ಡಿಗಳಿರುತ್ತವೆ. ಅವು ನೆಟ್ಟಗಿರುವುದಿಲ್ಲ. ಸೊಂಟದ ಬಳಿ ಮುಂದಕ್ಕೆ ಉಬ್ಬಿ, ಹೆಗಲಿನ ಬಳಿ ಹಿಂದಕ್ಕೆ ಸರಿದಿರುತ್ತವೆ. ನಮ್ಮ ಬೆನ್ನೆಲುಬಿನ ಆಕಾರವೂ ಅದೇ ಅಲ್ಲವೆ? ಒರಗಿದಾಗ ಈ ಕಡ್ಡಿಗಳು ತುಸುವೇ ಬಳುಕಿ ಬೆನ್ನಿಗೆ ಒತ್ತಾಸೆ ಕೊಡುತ್ತವೆ. ಆದುದರಿಂದ ಪ್ರತಿ ಕಡ್ಡಿಯ ಎಳೆಯೂ ತುದಿಯಿಂದ ತುದಿಯವರೆಗೆ ಕಡಿಯದೆ ಹರಿದಿರಬೇಕು. ಎಳೆಯು ನಡುವೆ ಅಡ್ಡಕ್ಕೆ ಹಾದು ಹೊರಬಿದ್ದರೆ ಕಡ್ಡಿ ಅಲ್ಲಿಯೇ ಮುರಿಯುತ್ತದೆ.

ಬಿಲ್ಲುಗಳ ವಿಷಯದಲ್ಲಿಯೂ ಇದೇ ನಿಯಮ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ನೇರವಾದ ಹಲಗೆಯಿಂದ ಬಾಗಿದ ಬಿಲ್ಲನ್ನು ಕತ್ತರಿಸಿ ತೆಗೆದರೆ ಅದರ ತುದಿಗಳಲ್ಲಿ ಎಳೆಗಳು ತುಂಡಾಗಿಬಿಡುತ್ತವೆ. ಅಲ್ಲಿ ಮರಕ್ಕೆ ಬಲವಿರುವುದಿಲ್ಲ. ಆದಕಾರಣ ಮರವನ್ನು ತೆಳುವಾದ ಉದ್ದನೆಯ ಪಟ್ಟಿಗಳಾಗಿ ಸೀಳಿ, ಅವುಗಳಿಗೆ ಅಂಟು ಬಳಿದು, ಒಂದರ ಮೇಲೊಂದನ್ನು ಪೇರಿಸಿ, ಬಾಗಿದ ಅಚ್ಚಿನ ಮೇಲೆ ಬಿಗಿಯುತ್ತಾರೆ. ಅಂಟು ಒಣಗಿದಾಗ ಪಟ್ಟಿಗಳೆಲ್ಲ ಒಂದಾಗಿ ಬಾಗು ಶಾಶ್ವತವಾಗುತ್ತದೆ. ಈಗ ಎಳೆಗಳು ಬಿಲ್ಲಿನ ಉದ್ದಕ್ಕೂ ಬಾಗನ್ನು ಅನುಸರಿಸಿಯೇ ಹರಿಯುತ್ತವೆ. ಎರಡು ಬಿಲ್ಲುಗಳನ್ನೂ ಒಂದೇ ಅಚ್ಚಿನ ಮೇಲೆ ಮಾಡುವುದರಿಂದ ಅವುಗಳ ಬಾಗು ಸಮನಾಗಿರುತ್ತದೆ. ಮಲೂಫ್ ಅವರ ಬಿಲ್ಲುಗಳ ಹಿಂದಿನ ತುದಿಗಳು ಬಾಲದಂತೆ ನೀಳವಾಗಿ ಚಾಚಿಕೊಂಡಿವೆ. ಅದು ಅಂದಕ್ಕೆ ಮಾತ್ರವಲ್ಲ. ಯಾರಾದರೂ ಜೋರಾಗಿ ಹಿಂದಕ್ಕೆ ಒರಗಿದರೆ ಕುರ್ಚಿಯು ಮಗುಚದಂತೆ ತಡೆಯುವುದು ಆ ಬಾಲವೇ.

ಬಿಲ್ಲುಗಳನ್ನು ಕೂಡಲೇ ಅಂಟಿಸಿಬಿಡುವುದಿಲ್ಲ. ಮೊದಲು ಕಾಲುಗಳಿಗೆ ತಾತ್ಕಾಲಿಕವಾಗಿ ಬಿಗಿದು, ಕುರ್ಚಿಯ ಮೇಲೆ ಒಬ್ಬರನ್ನು ಕೂರಿಸಿ ನೋಡಬೇಕು. ಕುಳಿತವರು ಸುಮ್ಮನಿದ್ದಾಗ ಪೀಠವು ಸ್ವಲ್ಪವೇ ಹಿಂದಕ್ಕೆ ವಾಲಿರಬೇಕು. ಪಾದಗಳು ನೆಲವನ್ನು ಮುಟ್ಟುವಂತಿರಬೇಕು. ವಾಲಿಕೆ ಹೆಚ್ಚಾದರೆ ಬಿಲ್ಲುಗಳನ್ನು ತುಸು ಹಿಂದಕ್ಕೆ, ಕಡಿಮೆಯಾದರೆ ತುಸು ಮುಂದಕ್ಕೆ ಸರಿಸಬೇಕು. ಎತ್ತರದವರು ಒಮ್ಮೆ, ಗಿಡ್ಡನೆಯವರು ಒಮ್ಮೆ ಕುಳಿತು ನೋಡಿದರೆ ಒಳ್ಳೆಯದು. ಗಣಿತವು ತ್ರಿಜ್ಯವನ್ನು ಹೇಳಿಕೊಡುತ್ತದೆ. ಕುಳಿತವರ ಮುಖದ ಮೇಲಿನ ನೆಮ್ಮದಿಯನ್ನು ಬಡಗಿಯೇ ನೋಡಿ ತಿಳಿಯಬೇಕು.

ಉಳಿದುದು ಮೈಯ ನಯ. ಒರಟಾದ ಮರಳುಕಾಗದದಿಂದ ತೊಡಗಿ ಒಂದಕ್ಕಿಂತ ಒಂದು ನುಣುಪಾದ ಕಾಗದದಿಂದ ದಿನಗಟ್ಟಲೆ ಉಜ್ಜಬೇಕು. ಬೇಸರ ಹಿಡಿಸುವ ಕೆಲಸವೆಂದರೆ ಇದೇ. ಇದರಲ್ಲಿ ಕುರ್ಚಿಯ ಅರ್ಧ ಆಯುಷ್ಯ ಕಳೆಯಿತೋ ಎಂದು ಕೆಲಸಗಾರನಿಗೆ ಅನ್ನಿಸುತ್ತದೆ. ಆಮೇಲೆ ಎಣ್ಣೆ. ಕುದಿಸಿದ ಅಗಸೆ ಎಣ್ಣೆ, ಟಂಗ್ ಎಣ್ಣೆ, ವಾರ್ನಿಷು, ಇವನ್ನು ಸಮಪಾಲಿನಲ್ಲಿ ಬೆರೆಸಿದ ದ್ರವವನ್ನು ಮಲೂಫ್ ಬಟ್ಟೆಯಿಂದ ತಿಕ್ಕಿ ಮರಕ್ಕೆ ಕುಡಿಸುತ್ತಿದ್ದರು, ಹೆಚ್ಚಾದುದನ್ನು ಒರಸಿಬಿಡುತ್ತಿದ್ದರು. ಹೀಗೆ ಹಲವು ಸಲ. ಕೊನೆಯಲ್ಲಿ ಎಣ್ಣೆಗಳಿಗೆ ಜೇನುಮೇಣವನ್ನು ಕೂಡಿಸಿ ಉಜ್ಜಿದರೆ ಮರಕ್ಕೆ ಒಳಗಿನಿಂದಲೇ ಬಂದಂತಹ ಹೊಳಪು ಬರುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಅಗಸೆ ಎಣ್ಣೆ ತೊಯ್ದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಸೇರುತ್ತ ಹೋಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದನ್ನು ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಇಂತಹ ಕುರ್ಚಿಗಳಿಗೆ ಬೇಡಿಕೆ ಬೆಳೆಯುತ್ತ ಹೋಯಿತು. ಅಧ್ಯಕ್ಷರಾದ ಕಾರ್ಟರ್ ಮತ್ತು ರೇಗನ್ ಇಬ್ಬರೂ ಮಲೂಫ್ ಅವರ ತೂಗುಕುರ್ಚಿಯನ್ನು ಹೊಂದಿದ್ದರು. 1985ರಲ್ಲಿ ಮೆಕ್ಆರ್ಥರ್ ಪ್ರತಿಷ್ಠಾನದ ಗೌರವವೇತನವು ಅವರಿಗೆ ದೊರೆಯಿತು. ಕುಶಲಕರ್ಮಿಯೊಬ್ಬರಿಗೆ ಆ ಗೌರವ ಸಂದುದು ಅದೇ ಮೊದಲು. ಅವರ ವಿನ್ಯಾಸಗಳನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸಲು ಅನುಮತಿ ಕೇಳಿ, ದೊಡ್ಡ ಮೊತ್ತದ ಹಣವನ್ನು ಕೊಡಲು ಮುಂದೆ ಬಂದವರಿದ್ದರು. ಮಲೂಫ್ ಒಪ್ಪಲಿಲ್ಲ. ಕೆಲವೇ ಮಂದಿ ಸಹಾಯಕರೊಡನೆ ತಮ್ಮ ಕಾರ್ಯಾಗಾರದಲ್ಲಿಯೇ ಕೆಲಸ ಮುಂದುವರಿಸಿದರು. ಗಿರಾಕಿಗಳು ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಈ ನಿರಾಕರಣೆಗೆ ಇನ್ನೊಂದು ಮುಖವೂ ಇದೆಯೆಂಬುದನ್ನು ಮರೆಯಬಾರದು. ಕೈಕೆಲಸದ ಕುರ್ಚಿಯ ಬೆಲೆ ಕಾಲಕ್ರಮದಲ್ಲಿ ಹತ್ತಾರು ಸಾವಿರ ಡಾಲರುಗಳಿಗೆ ಏರಿತು. ಒಂದು ಕಾಲಕ್ಕೆ ಕುರ್ಚಿ ಕೊಳ್ಳಲು ಹಣವಿಲ್ಲದೆ ಹಳೆಯ ಪೆಟ್ಟಿಗೆಗಳ ಮರದಿಂದ ಕೆಲಸ ತೊಡಗಿದವರ ಕುರ್ಚಿಯನ್ನು ಕೊನೆಗೆ ಸಾಮಾನ್ಯ ಸಂಸಾರಸ್ಥರು ಕೊಳ್ಳುವಂತಿರಲಿಲ್ಲ. ಕಾರ್ಖಾನೆಯ ಕುರ್ಚಿಯಾಗಿದ್ದರೆ ಹತ್ತು ಜನರ ಮನೆಯನ್ನು ಸೇರುತ್ತಿತ್ತು. ಆದರೆ ಕೀಲಿನ ಸುತ್ತ ಬೆರಳಾಡಿಸಿ, ಇನ್ನೂ ಒಂದು ಕೂದಲೆಳೆಯಷ್ಟು ಸವೆಸಬೇಕೆಂದು ತಿಳಿಯುವ ಕೈ ಅಲ್ಲಿ ಇರುತ್ತಿರಲಿಲ್ಲ. ಯಾವುದು ಹೆಚ್ಚು ಎಂಬುದನ್ನು ನೀವೇ ಚರ್ಚಿಸಬಹುದು.

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನಿಂಬೆಯ ತೋಟದ ಆ ಮನೆಗೆ ವಿಪತ್ತು ಬಂದಿತು. ಹೊಸ ಹೆದ್ದಾರಿಯು ಅದರ ಮೇಲೆಯೇ ಹಾದುಹೋಗುವುದೆಂದು ಗೊತ್ತಾಯಿತು. ಮನೆಯನ್ನು ಕೆಡವದೆ, ಬಿಡಿಭಾಗಗಳಾಗಿ ಸಾಗಿಸಿ, ಸುಮಾರು ಮೂರು ಮೈಲಿ ದೂರದಲ್ಲಿ ಮತ್ತೆ ನಿಲ್ಲಿಸಲಾಯಿತು. ಆಲ್ಫ್ರೀಡಾ ಅದನ್ನು ನೋಡಲು ಉಳಿದಿರಲಿಲ್ಲ. 1998ರಲ್ಲಿಯೇ ಅವರು ತೀರಿಕೊಂಡಿದ್ದರು. ಮಲೂಫ್ ಅವರು 2009ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪಿನಲ್ಲಿಯೂ ಅವರು ಕೆಲಸವನ್ನು ಬಿಟ್ಟಿರಲಿಲ್ಲ. ತಮ್ಮನ್ನು ಕಲಾವಿದನೆಂದು ಕರೆದುಕೊಳ್ಳದೆ ಮರಗೆಲಸದವನೆಂದೇ ಅವರು ಹೇಳಿಕೊಳ್ಳುತ್ತಿದ್ದರು.

ವಸ್ತುಸಂಗ್ರಹಾಲಯಗಳಲ್ಲಿ ಮುಟ್ಟಬಾರದೆಂಬ ಫಲಕವನ್ನು ನೀವು ಓದಿರುತ್ತೀರಿ. ಬಾಸ್ಟನ್ ನಗರದ ಲಲಿತಕಲೆಗಳ ಸಂಗ್ರಹಾಲಯದವರು 1970ರ ದಶಕದಲ್ಲಿ ಮಲೂಫ್ ಅವರಿಂದ ಕೆಲವು ಆಸನಗಳನ್ನು ಮಾಡಿಸಿದರು. ಅವುಗಳನ್ನು ಗಾಜಿನ ಹಿಂದೆ ಇಡಲಿಲ್ಲ, ಹಗ್ಗ ಕಟ್ಟಿ ಬೇರ್ಪಡಿಸಲಿಲ್ಲ. ಚಿತ್ರಗಳ ನಡುವೆ ಇರಿಸಿ, ನಡೆದು ದಣಿದ ಪ್ರೇಕ್ಷಕರು ಅವುಗಳ ಮೇಲೆ ಕುಳಿತುಕೊಳ್ಳಲು ಬಿಟ್ಟರು.